ಚಿಕ್ಕಮ್ಮನ ಮಂಚದ ಕೆಳಗಿನ ಡಬ್ಬಿಗಳು

ಹೋದ ವಾರ ಸಿದ್ದಾಪುರದ ನಮ್ಮ ಗೆಳೆಯನ ಮನೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ಸಿನಿಮಾ ನೋಡಿದೆವು. ಮೊದಲನೇದು ದರ್ಶನ್ ಅವರ ‘ಕಾಟೇರ’. ಉಳುವವನಿಗೆ ಭೂಮಿ ಸಿಕ್ಕ ಕಾಲದ ಕಥೆ, ಇಷ್ಟವಾಯಿತು. ಫೈಟು ಮಾತ್ರ ಜಾಸ್ತಿ.

ಎರಡನೇದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’. 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಸಿನಿಮಾ. ಪ್ರಶಸ್ತಿ ಸಿನಿಮಾ ಅಂದರೆ ನಿದ್ದೆ ಬರುತ್ತೆ ಅಂದುಕೊಂಡಿದ್ದೆವು, ಬರಲಿಲ್ಲ. ಕೊಪ್ಪಳ ಜಿಲ್ಲೆಯ ಆ ಊರಲ್ಲೇ ತೆಗೆದಿದ್ದಾರೆ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚಟ್ಟಿ ನಮ್ಮ ಸಂತೆಯಲ್ಲಿ ಎದುರಾಗೋ ಹೆಂಗಸಿನ ಹಾಗೇ ಇದ್ದಾರೆ.

ಶಿವಮ್ಮ ಸರ್ಕಾರಿ ಶಾಲೆಯ ಅಡುಗೆಯಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆ ದುಡ್ಡನ್ನು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸುರಿದು, ಶಕ್ತಿ ಬರುತ್ತೆ ಅಂತ ಹೇಳಿ ಮಾರೋ ಪುಡಿ ಹಿಡಿದು ಮನೆಮನೆ ಅಲೆಯುತ್ತಾಳೆ. ನಾವು ನಗುತ್ತಿದ್ದೆವು. ನಮ್ಮ ಗೆಳೆಯನ ಚಿಕ್ಕಮ್ಮ ನಡುವೆಯೇ ಎದ್ದು ಒಳಗೆ ಹೋದಳು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಶೇಂಗಾ ಮಾರಿದ ದುಡ್ಡನ್ನು ಇಂಥದ್ದೇ ಒಂದು ಕಂಪನಿಗೆ ಕಟ್ಟಿದ್ದಳು. ಡಬ್ಬಿಗಳು ಇನ್ನೂ ಮಂಚದ ಕೆಳಗಿವೆ. ಆಸೆಬುರುಕಿ ಅಂತ ಊರೆಲ್ಲ ಆಡಿಕೊಂಡಿತ್ತು, ನಾವೂ ಆಡಿಕೊಂಡಿದ್ದೆವು. ಆದರೆ ಆ ಮೀಟಿಂಗ್‌ನಲ್ಲಿ ವೇದಿಕೆಗೆ ಕರೆದು ಚಪ್ಪಾಳೆ ಹೊಡೆದಿದ್ದರಂತೆ. ಅದಕ್ಕೂ ಮುಂಚೆ ಅವಳಿಗೆ ಯಾರು ಚಪ್ಪಾಳೆ ಹೊಡೆದಿದ್ದರು? ಸಿನಿಮಾ ಶಿವಮ್ಮನನ್ನು ದಡ್ಡಿ ಅನ್ನಲ್ಲ, ನಮಗೆ ಹಿಡಿಸಿದ್ದು ಅದೇ.

ಊಟಕ್ಕೆ ಬಡಿಸುವಾಗ ಚಿಕ್ಕಮ್ಮನೇ ಕೇಳಿದಳು, “ಕೊನೆಗೆ ಆಯಮ್ಮಂಗೆ ದುಡ್ಡು ವಾಪಸ್ ಬಂತೇನ್ರೋ?”

“ನೀನೇ ನೋಡು ಚಿಕ್ಕಮ್ಮ” ಅಂದೆವು.

ಲ್ಯಾಪ್‌ಟಾಪ್ ಚಾರ್ಜ್ ಮುಗಿದಿತ್ತು, ಕರೆಂಟೂ ಇರಲಿಲ್ಲ. “ನಾಳೆ ಹಾಕ್ರಿ” ಅಂದಳು.