ಭಾಗ 14: ಬರೀ 720 ಮೀಟರಿನ ಬೆಟ್ಟ

ಹೋದ ವಾರ ಹಾಕಿದ್ದ ಫೋಟೋ ನೋಡಿ ಚಿಕ್ಕಪ್ಪ ಕೇಳಿದ್ರು: "ಬರೀ 720 ಮೀಟರಾ? ನಮ್ಮ ಮುಳ್ಳಯ್ಯನಗಿರಿ 1,930 ಇದೆ. ಇದೆಂತ ಬೆಟ್ಟ ಮಾರಾಯ್ತಿ!"

ಲೆಕ್ಕ ಸರಿ ಚಿಕ್ಕಪ್ಪ. ಆದ್ರೆ ಮುಳ್ಳಯ್ಯನಗಿರಿಗೆ ಮೇಲಿನ ಮೆಟ್ಟಿಲ ಹತ್ತಿರದ ತನಕ ರಸ್ತೆ ಇದೆ. ವೇಲ್ಸಿನ ಈ ರಿನೋಗ್ ವೌರ್ ಬೆಟ್ಟಕ್ಕೆ ಅಂಥದ್ದೇನೂ ಇಲ್ಲ. ಇದೇ ಸೀಮೆಯಲ್ಲಿ ಸ್ನೋಡನ್ ಇದೆ, 1,085 ಮೀಟರ್. ಅಲ್ಲಿಗೆ 1896ರಿಂದ ರೈಲೇ ಹೋಗುತ್ತೆ, ಜನವೂ ಜಾತ್ರೆಯ ಹಾಗೆ. ಇಲ್ಲಿ ನಾವು ಇಡೀ ದಿನದಲ್ಲಿ ಕಂಡಿದ್ದು ಇಬ್ಬರು ಮನುಷ್ಯರು, ಒಂದಷ್ಟು ಕಾಡು ಆಡು.

ಜೊತೆಗೆ ಬಂದಿದ್ದು ನಮ್ಮ ವಾರ್ಡಿನ ಹಿರಿಯ ಸಿಸ್ಟರ್. ಅವರು ಈ ಕಡೆಯವರೇ, ಅರವತ್ತರ ಹತ್ತಿರ ಹತ್ತಿರ. ಕೂಮ್ ಬಖನ್ ಕೆರೆಯಿಂದ ಹೊರಟರೆ ಮೊದಲು ಹಾಸುಗಲ್ಲಿನ ದಾರಿ. 'ರೋಮನ್ ಮೆಟ್ಟಿಲು' ಅಂತಾರೆ, ಆದ್ರೆ ರೋಮನ್ನರು ಕಟ್ಟಿದ್ದಲ್ಲ. ಆಮೇಲಿನ ಕಾಲದಲ್ಲಿ ಕುದುರೆ ಮೇಲೆ ಸಾಮಾನು ಹೇರಿಕೊಂಡು ಹೋಗ್ತಿದ್ದವರ ದಾರಿಯಂತೆ. ಅಲ್ಲಿಯವರೆಗೆ ಸುಖ. ಅದು ಬಿಟ್ಟು ಮೇಲೆ ತಿರುಗಿದ ಮೇಲೆ ಬರೀ ಬಂಡೆ, ಬಂಡೆ ಮೇಲೆ ಮೊಣಕಾಲೆತ್ತರದ ಹೀದರ್ ಗಿಡ. ಆಗಸ್ಟಲ್ಲಿ ನೇರಳೆ ಹೂ ಬಿಟ್ಟು ನೋಡೋಕೆ ಚಂದ. ಆದ್ರೆ ಹೂವಿನ ಕೆಳಗೆ ಎರಡು ಬಂಡೆ ಮಧ್ಯೆ ಸಂದಿ ಇರುತ್ತೆ, ಕಣ್ಣಿಗೆ ಕಾಣಲ್ಲ. ಕೋಲು ಊರಿ ನೋಡಿಯೇ ಕಾಲಿಡಬೇಕು.

ಹ್ಲಿನ್ ದೀ, ಅಂದ್ರೆ ಕಪ್ಪು ಕೆರೆ, ಅದರ ದಡದಲ್ಲಿ ನಿಂತಾಗ ಮೇಲೆ ಮೋಡ ಕೂತಿತ್ತು. ಸಿಸ್ಟರ್ ಫ್ಲಾಸ್ಕ್ ತೆಗೆದು ಚಹಾ ಕೊಟ್ರು. "ಅರ್ಧ ಗಂಟೆ ನೋಡೋಣ. ಬಿಡದಿದ್ರೆ ಇಳಿಯೋಣ" ಅಂದ್ರು. ಬೇಜಾರಿಲ್ಲ, ಹಟವೂ ಇಲ್ಲ. ನಾನು ಕೆಲಸ ಮಾಡೋದು ಮೂಳೆ ವಾರ್ಡಲ್ಲಿ. ಬಿದ್ದವರಿಗೆ ಮುರಿದ ಮೂಳೆ ಒಂದೇ ಕಷ್ಟ ಅಲ್ಲ, ಯಾರಾದ್ರೂ ಬರೋ ತನಕ ಥಂಡಿಯಲ್ಲಿ ಎಷ್ಟು ಹೊತ್ತು ಬಿದ್ದಿದ್ರು ಅನ್ನೋದು ಇನ್ನೂ ದೊಡ್ಡದು. ಇಲ್ಲಿ ಬೆಟ್ಟದಿಂದ ಹೊತ್ತು ತರೋ ರಕ್ಷಣಾ ತಂಡದವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಊಟ ಬಿಟ್ಟು ಎದ್ದು ಬರ್ತಾರೆ. ನಮ್ಮ ಹಟಕ್ಕೆ ಅವರು ಯಾಕೆ ಬರಬೇಕು?

ಮೋಡ ಎದ್ದಿತು, ಹತ್ತಿದ್ವಿ. ತುದಿಯಲ್ಲಿ ಸರ್ವೆಯವರ ಒಂದು ಕಂಬ, ಪಶ್ಚಿಮಕ್ಕೆ ಸಮುದ್ರ, ಎದುರಿಗೆ ತಂಗಿ ಬೆಟ್ಟ ರಿನೋಗ್ ವಾಖ್. ಇಳಿಯೋಕೆ ಹತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡೀತು.

ಅಮ್ಮ, "ಯಾರೂ ಹೋಗದ ಕಡೆ ನೀನ್ಯಾಕೆ ಹೋಗ್ತೀಯಾ?" ಅಂತ ಕೇಳಿದ್ಯಲ್ಲ. ವಾರ್ಡಲ್ಲಿ ಹನ್ನೆರಡೂವರೆ ಗಂಟೆ ಬೆಲ್ ಹೊಡೀತಾನೇ ಇರುತ್ತೆ. ಒಂದು ಕಡೆ ಕೈ ಇದ್ರೆ ಇನ್ನೊಂದು ಕಡೆ ಕಿವಿ. ಆ ಬೆಟ್ಟದಲ್ಲಿ ನಾನು ನೋಡಿಕೊಳ್ಳಬೇಕಾಗಿದ್ದು ಒಂದೇ, ಮುಂದಿನ ಹೆಜ್ಜೆ. ಆ ರಾತ್ರಿ ಮಾತ್ರೆ ಇಲ್ಲದೆ ಒಂಬತ್ತು ಗಂಟೆ ನಿದ್ದೆ ಮಾಡಿದೆ. ಒಬ್ಬಳೇ ಹೋಗಲ್ಲ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ರೂಮ್‌ಮೇಟ್‌ಗೆ ಬರೆದುಕೊಟ್ಟೇ ಹೊರಡ್ತೀನಿ. ಇನ್ಮೇಲೆ ಆ ಚೀಟಿಯ ಫೋಟೋ ನಿಂಗೂ ಕಳಿಸ್ತೀನಿ.