ಮನೆಯ ಧ್ವನಿಮುದ್ರಣಕ್ಕೆ ಎಷ್ಟು ಪಟ್ಟಿಗಳ ವಾದ್ಯ?

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಂದ ನಮ್ಮನ್ನು ಕಾಣಬರುವ ಪಾಲಕರು ಈಚೆಗೆ ಪರೀಕ್ಷೆಯ ಅಂಕಗಳ ಸಂಗಡ ಇನ್ನೊಂದು ಸಂಗತಿಯನ್ನೂ ವಿಚಾರಿಸುತ್ತಲಿದ್ದಾರೆ. ಮಗಳು ಮನೆಯಲ್ಲಿಯೇ ಹಾಡಿ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುತ್ತಾಳೆ, ಅದಕ್ಕೆ ಮಿಡಿ ಕೀಬೋರ್ಡು ಬೇಕಂತೆ, ಯಾವ ಅಳತೆಯದನ್ನು ಕೊಳ್ಳತಕ್ಕದ್ದು ಎಂಬದೇ ಅದು. ಭತ್ತ ಮಾರಿದ ಹಣದಿಂದ ಕೊಂಡ ವಾದ್ಯವು ಅಲಮಾರಿನ ಮೇಲೆ ಧೂಳು ಹಿಡಿದಿರುವದನ್ನು ನಾವು ಎರಡು ಮೂರು ಮನೆಗಳಲ್ಲಿ ಕಂಡಿದ್ದೇವೆ. ಧೂಳೇನೋ ಒರಸಿದರೆ ಹೋಗುವದು. ಆದರೆ ಆ ಮನೆಗಳಲ್ಲಿ “ಇವಳಿಗೆ ಛಲವಿಲ್ಲ” ಎಂಬ ಮಾತು ಹುಡುಗಿಯ ಮೇಲೆ ಬಿದ್ದಿತ್ತು. ತಪ್ಪು ಹುಡುಗಿಯದಲ್ಲ, ಅಳತೆಯದು. ಆದಕಾರಣ ಈ ಪ್ರಶ್ನೆಯನ್ನು ನಾವು ಅಲ್ಪವೆಂದು ಎಣಿಸಲಾರೆವು.

ಮೊದಲು ತಿಳಿಯತಕ್ಕದ್ದೇನಂದರೆ, ಈ ವಾದ್ಯಕ್ಕೆ ಸ್ವಂತ ಧ್ವನಿಯಿಲ್ಲ. ಯಾವ ಪಟ್ಟಿಯು ಎಷ್ಟು ವೇಗದಿಂದ ಒತ್ತಲ್ಪಟ್ಟಿತೆಂಬದನ್ನು ಅದು ಅಂಕೆಗಳಲ್ಲಿ ಕಂಪ್ಯೂಟರಿಗೆ ತಿಳಿಸುವದು, ನುಡಿಯುವದು ಕಂಪ್ಯೂಟರೇ. ಜಪಾನಿನ ಇಕುತಾರೋ ಕಾಕೆಹಾಶಿ, ಅಮೇರಿಕದ ಡೇವ್ ಸ್ಮಿತ್ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬಳಕೆಗೆ ಬಂದ ಈ ಭಾಷೆಯಲ್ಲಿ ಸ್ವರಗಳಿಗೆ 0ಯಿಂದ 127ರ ವರೆಗೆ ಅಂಕೆಗಳುಂಟು. ಪಿಯಾನೋದ ನಡುವಣ ‘ಸಿ’ಗೆ 60. 25 ಪಟ್ಟಿಗಳದಾಗಲಿ 88 ಪಟ್ಟಿಗಳದಾಗಲಿ ಆಡುವ ಭಾಷೆ ಒಂದೇ. ದೊಡ್ಡದನ್ನು ಕೊಂಡರೆ ಧ್ವನಿಯು ಇಂಪಾಗುವದೆಂದು ಹೇಳುವ ವ್ಯಾಪಾರಿಯನ್ನು ನಂಬಬಾರದು.

ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಹಾರ್ಮೋನಿಯಂ ಪೇಟಿಯ ಮೇಲೆ ಕಲಿತವರು. ಎಡಗೈ ತಿದಿಯ ಮೇಲೆ, ಬಲಗೈ ಮಾತ್ರ ಪಟ್ಟಿಗಳ ಮೇಲೆ. ಅಂಥವರಿಗೆ 25 ಪಟ್ಟಿಗಳು ಸಾಲವೇ ಎಂದು ಕೇಳುವರು. ಲೆಕ್ಕ ಮಾಡಿ ನೋಡೋಣ. ಕರಿ ನಾಲ್ಕನ್ನು ಷಡ್ಜವಾಗಿ ಇಟ್ಟುಕೊಂಡು ಹಾಡುವ ಹುಡುಗಿಯು ಮಂದ್ರ ಪಂಚಮದಿಂದ ತಾರ ಪಂಚಮಕ್ಕೆ ಹೋಗಬೇಕಾದರೆ ಕರಿ ಎರಡರಿಂದ ಹೊರಟು ಪೂರಾ ಎರಡು ಸಪ್ತಕಗಳನ್ನು ದಾಟಬೇಕು. 25 ಪಟ್ಟಿಗಳಲ್ಲಿ ಎರಡು ಸಪ್ತಕಗಳಿರುವದು ನಿಜವೇ; ಆದರೆ ಅವು ‘ಸಿ’ಯಿಂದ ‘ಸಿ’ಗೆ. ಆದುದರಿಂದ ಇವಳಿಗೆ ತುದಿಯಲ್ಲಿ ಮೂರು ಪಟ್ಟಿಗಳು ಕಡಿಮೆ ಬೀಳುವವು. ಹಾಡಿನ ನಡುವೆ ಸಪ್ತಕ ಬದಲಿಸುವ ಗುಂಡಿಯನ್ನು ಹುಡುಕಬೇಕಾಗುವದು. ಶ್ರುತಿಯನ್ನೇ ಸರಿಸುವ ಗುಂಡಿಯೂ ಉಂಟೆನ್ನಬಹುದು. ಆದರೆ ಆಗ ಪೇಟಿಯ ಮೇಲೆ ಪಳಗಿದ ಬೆರಳುಗಳಿಗೆ ದಾರಿ ತಪ್ಪುವದು. 37 ಪಟ್ಟಿಗಳಾದರೆ ಈ ತೊಂದರೆಯಿಲ್ಲ.

ಎರಡು ಕೈಗಳಿಂದ ನುಡಿಸುವವರ ಮಾತು ಬೇರೆ. ನಮ್ಮ ಪ್ರಾರ್ಥನಾಲಯದ ನಾಲ್ಕು ದನಿಗಳ ಗೀತಗಳು, ಪುರುಷರ ಕೆಳದನಿಯಿಂದ ಸ್ತ್ರೀಯರ ಮೇಲ್ದನಿಯ ವರೆಗೆ, ಸಾಮಾನ್ಯವಾಗಿ ಮೂರುವರೆ ಸಪ್ತಕಗಳೊಳಗೆ ಅಡಗುವವು. 49 ಪಟ್ಟಿಗಳೆಂದರೆ ನಾಲ್ಕು ಸಪ್ತಕ. ನಮ್ಮ ಕಡೆಯ ಮನೆಗಳಿಗೆ ಇದೇ ತಕ್ಕದ್ದೆಂದು ನಮ್ಮ ಅಭಿಪ್ರಾಯ. ಪಿಯಾನೋವನ್ನೇ ಅಭ್ಯಾಸ ಮಾಡುವವಳಿಗೆ ಮಾತ್ರ ತೂಕವುಳ್ಳ 88 ಪಟ್ಟಿಗಳು ಬೇಕು. ಅವುಗಳಲ್ಲಿ ಅನೇಕವು 10 ಕಿಲೋ ಮೀರಿದವು. ಪ್ರತ್ಯೇಕ ಮೇಜೂ ಕುರ್ಚಿಯೂ ಬೇಕಾಗುವವು.

ಮೇಜಿನ ಮಾತು ಬಂದುದರಿಂದ ಹೇಳುತ್ತೇವೆ. ಲಿಂಗಸುಗೂರಿನಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು, ಎರಡು ಮಕ್ಕಳ ತಾಯಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು ನೆಲದ ಮೇಲೆ ಕುಳಿತು ಮುದ್ರಿಸುತ್ತಾಳೆ. 61 ಪಟ್ಟಿಗಳದನ್ನು ತರಿಸಿದ್ದರು. ಚಕ್ಕಳಮಕ್ಕಳ ಕುಳಿತಾಗ ಅದರ ಎರಡು ತುದಿಗಳೂ ಕೈಗೆಟುಕದೆ ಹೋದವು. 49ರದನ್ನು ತಂದ ಮೇಲೆ ಹನ್ನೊಂದು ಹಾಡುಗಳನ್ನು ಮುಗಿಸಿದ್ದಾಳೆ. ಆದಕಾರಣ ಕೊಳ್ಳುವ ಮೊದಲು ನೂಲಿನಿಂದ ಅಳೆಯಿರಿ. ಪೂರ್ಣ ಗಾತ್ರದ ಪಟ್ಟಿಗಳ ಸಾಲು 25ಕ್ಕೆ ಸುಮಾರು 14 ಅಂಗುಲ, 49ಕ್ಕೆ 27, 61ಕ್ಕೆ 33, 88ಕ್ಕೆ 48; ಬದಿಯ ಚಕ್ರ ಗುಂಡಿಗಳಿಗೆ ಇನ್ನೂ ಕೆಲವು ಅಂಗುಲ ಬಿಡಬೇಕು. ನೂಲನ್ನು ಅವಳು ನಿಜವಾಗಿ ಕುಳಿತುಕೊಳ್ಳುವ ಸ್ಥಳದಲ್ಲಿಯೇ ಹಾಸಿ ನೋಡತಕ್ಕದ್ದು, ಅತಿಥಿಗಳಿಗೆ ತೋರಿಸುವ ಕೋಣೆಯಲ್ಲಲ್ಲ.

ಪಟ್ಟಿಗಳ ಎಣಿಕೆಗಿಂತಲೂ ಅಗಲವು ಮುಖ್ಯ. ಪೂರ್ಣ ಗಾತ್ರದಲ್ಲಿ ಒಂದು ಸಪ್ತಕವು ಸುಮಾರು ಆರೂವರೆ ಅಂಗುಲ. ಕಿರುಪಟ್ಟಿಗಳಲ್ಲಿ 5 ಅಂಗುಲದ ಆಸುಪಾಸು. ಚಿಕ್ಕ ಹುಡುಗಿಗೆ ಚಿಕ್ಕ ಪಟ್ಟಿಯೆಂದು ಕೊಡಿಸುವ ತಂದೆಯ ಪ್ರೀತಿಯನ್ನು ನಾವು ಬಲ್ಲೆವು. ಆದರೆ ಕೈ ಬೆಳೆಯುವದು, ಪಟ್ಟಿ ಬೆಳೆಯದು. ಹಣವು ಸಾಲದಿದ್ದರೆ ಕಿರುಪಟ್ಟಿಯ 49ಕ್ಕಿಂತ ಪೂರ್ಣಪಟ್ಟಿಯ 37 ಲೇಸು.

ಮನೆಯಲ್ಲಿರುವ ಪೇಟಿಯನ್ನು ಮಾತ್ರ ಮಾರಬೇಡಿರಿ. ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯವೆಂದು ದೂರಿ 1940ರಿಂದ 1971ರ ವರೆಗೆ ಆಕಾಶವಾಣಿಯು ಅದನ್ನು ಹೊರಗಿಟ್ಟಿತ್ತು. ಹೊಸ ವಾದ್ಯದ ಎಡಬದಿಯ ಚಕ್ರವು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸುವದು. ಆದರೂ ಬೇಸಿಗೆಯಲ್ಲಿ ವಿದ್ಯುತ್ತು ನಿಂತು ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿದಾಗ, ಬೆಳಗಿನ ಅಭ್ಯಾಸಕ್ಕೆ ಪೇಟಿಯೇ ಬೇಕು.