ಎರಡೂವರೆ ಅಡಿ, ಐದೂವರೆ ಅಡಿ

ಬಂಗಾರಪೇಟೆಯ ಹಳಬರು ಈಗಲೂ ಸಣ್ಣ ರೈಲಿನ ಮಾತು ತೆಗೆಯುತ್ತಾರೆ. 1913ರಲ್ಲಿ ಕೋಲಾರಕ್ಕೆ ಹಾಕಿದ ಹಳಿಯ ಅಗಲ ಎರಡೂವರೆ ಅಡಿ. ಬೆಂಗಳೂರು, ಮದ್ರಾಸು, ಕೆಜಿಎಫ್ ಕಡೆಯದು ಐದೂವರೆ. ಎರಡೂ ಒಂದೇ ನಿಲ್ದಾಣಕ್ಕೆ ಬರುತ್ತಿದ್ದವು, ಆದರೆ ಒಂದರ ಬೋಗಿ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ. ಸಾಫ್ಟ್‌ವೇರ್ ಲೈಸೆನ್ಸುಗಳ ಜಗಳವೂ ಹೀಗೇ. ಎರಡೂ ಮುಕ್ತ, ಎರಡೂ ಪುಕ್ಕಟೆ, ಆದರೂ ಒಂದಕ್ಕೊಂದು ಜೋಡಿಸಲಾಗದು.

ಅಪ್ಪ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿತು. ಈಗ ಕಣ್ಣು ಮಂಜು. ಮನೆಮಾತು ತೆಲುಗಾದರೂ ಪೇಪರು ಕನ್ನಡದ್ದೇ ಆಗಬೇಕು. ಅದನ್ನು ಓದಿ ಹೇಳುವ ಆ್ಯಪೊಂದನ್ನು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಲೇ ಬರೆದೆ. ದನಿ ಈಸ್ಪೀಕ್ ಎನ್‌ಜಿ ಎಂಬ ಲೈಬ್ರರಿಯದು. ಅಪ್ಪ ಅದಕ್ಕೆ 'ಶೀತವಾದ ಮೇಷ್ಟ್ರು' ಅನ್ನುತ್ತಾರೆ.

ಈ ಮೇಷ್ಟ್ರ ಲೈಸೆನ್ಸು ಜಿಪಿಎಲ್ 3. ಲಿಂಕ್ ಮಾಡಿಕೊಂಡ ಪ್ರೋಗ್ರಾಂ ನನ್ನ ಬಳಿಯೇ ಇದ್ದರೆ ತಕರಾರಿಲ್ಲ. ಇನ್ನೊಬ್ಬರ ಕೈಗಿಟ್ಟರೆ ಇಡೀ ಪ್ರೋಗ್ರಾಂ ಅದೇ ಲೈಸೆನ್ಸಿಗೆ ಬರಬೇಕು, ಸೋರ್ಸ್ ಕೋಡೂ ಕೊಡಬೇಕು. (ಕಟ್ಟುನಿಟ್ಟಾಗಿ ನೋಡಿದರೆ ಅಪ್ಪನೂ ಕೇಳಬಹುದು.) ಪಿಡಿಎಫ್ ಬಿಡಿಸಲು ಬಳಸಿದ್ದು ಅಪಾಚೆ 2.0 ಲೈಸೆನ್ಸಿನ ಲೈಬ್ರರಿ. ಅದರ ಪೇಟೆಂಟ್ ಷರತ್ತುಗಳು ಜಿಪಿಎಲ್ 2ಕ್ಕೆ ಒಗ್ಗುವುದಿಲ್ಲ ಎನ್ನುತ್ತದೆ ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್. 2007ರ ಜಿಪಿಎಲ್ 3 ಅವನ್ನು ಒಪ್ಪಿಕೊಂಡಿತು. ಅದೂ ಒಮ್ಮುಖ ರಸ್ತೆ: ಅಪಾಚೆ ಕೋಡು ಜಿಪಿಎಲ್ 3ರೊಳಗೆ ಹೋಗಬಹುದು, ಜಿಪಿಎಲ್ ಕೋಡು ಅಪಾಚೆಯಾಗಿ ಹೊರಬರಲಾರದು.

ತೊಡಕಾಗಿದ್ದು ಅಂಕಿಗಳನ್ನು ಕನ್ನಡ ಪದವಾಗಿಸುವ ಪುಟ್ಟ ಲೈಬ್ರರಿ. ಅದು ಜಿಪಿಎಲ್ 2 ಮಾತ್ರ. 'ಅಥವಾ ನಂತರದ ಆವೃತ್ತಿ' ಎಂಬ ಮೂರು ಪದ ಇದ್ದಿದ್ದರೆ ಸಾಕಿತ್ತು. ಬರೆದವರಿಗೆ ಎರಡು ಸಲ ಕೇಳಿದೆ, ಉತ್ತರವಿಲ್ಲ. ಕೊನೆಗೆ ಆ ಭಾಗವನ್ನು ನಾನೇ ಮೊದಲಿನಿಂದ ಬರೆದೆ. 'ಇಪ್ಪತ್ತೊಂದು', 'ಮೂವತ್ತೊಂದು'ಗಳ ಸಂಧಿಗಳಿಗೇ ಒಂದು ವಾರ ಹಿಡಿಯಿತು.

ಆಮೇಲೆ ಬೆಂಗಳೂರಿನ ಕಂಪನಿಯೊಂದು ಆ್ಯಪನ್ನು ಕೊಳ್ಳುತ್ತೇವೆಂದಿತು. ಎರಡು ವರ್ಷದ ಮನೆ ಬಾಡಿಗೆಯಷ್ಟು ಹಣ. ಷರತ್ತು ಒಂದೇ, ಕೋಡು ಗುಟ್ಟಾಗಿರಬೇಕು. 'ದನಿಯನ್ನು ಡೈನಮಿಕ್ ಆಗಿ ಲಿಂಕ್ ಮಾಡಿ, ಬೇರೆ ಫೈಲಿನಲ್ಲಿದ್ದರೆ ಯಾರು ಕೇಳುತ್ತಾರೆ?' ಎಂದರು. ಎಲ್‌ಜಿಪಿಎಲ್ ಆಗಿದ್ದರೆ ಆ ದಾರಿ ತೆರೆದಿರುತ್ತಿತ್ತು. ಜಿಪಿಎಲ್‌ನಲ್ಲಿ ಫೈಲು ಬೇರೆಯಾದ ಮಾತ್ರಕ್ಕೆ ಪ್ರೋಗ್ರಾಂ ಬೇರೆಯಾಗದು ಎಂಬುದು ಫೌಂಡೇಶನ್ನಿನ ನಿಲುವು. ನನಗೂ ಅದೇ ಸರಿ ಅನ್ನಿಸುತ್ತದೆ. ಕನ್ನಡದ ಉಚ್ಚಾರವನ್ನು ಅಕ್ಷರ ಅಕ್ಷರವಾಗಿ ತಿದ್ದಿದವರು ಸಂಬಳಕ್ಕಲ್ಲ, ಆ ಷರತ್ತನ್ನು ನಂಬಿ ಕೊಟ್ಟಿದ್ದು.

ಆ್ಯಪ್ ಈಗ ಜಿಪಿಎಲ್ 3ರಡಿ ಹೊರಗಿದೆ. ಬಾಡಿಗೆ ಎಂದಿನಂತೆ ಐದನೇ ತಾರೀಖಿಗೆ ಕಟ್ಟುತ್ತಿದ್ದೇನೆ. ಹೋದ ತಿಂಗಳು ಗುರುತಿಲ್ಲದ ಯಾರೋ 'ತೊಂಬತ್ತೊಂಬತ್ತು' ತೊದಲುತ್ತಿದ್ದುದನ್ನು ಸರಿಮಾಡಿ ಕಳಿಸಿದರು.